ಬೀಟೆ ಬೆಳೆಯುವ ಜಿಲ್ಲೆಯಲ್ಲಿ ಗಿಟಾರ್‌ಗೆ ಯಾವ ಮರ ಹುಡುಕಬೇಕು?

ಅಮೆರಿಕದ ಹೆಸರಾಂತ ಕಂಪನಿಗಳ ದುಬಾರಿ ಗಿಟಾರ್‌ಗಳನ್ನು ತಿರುಗಿಸಿ ನೋಡಿದರೆ ಬೆನ್ನಿಗೂ ಪಕ್ಕಗಳಿಗೂ ಇರುವುದು ಹೆಚ್ಚಾಗಿ ನಮ್ಮ ಬೀಟೆ, ಅಂದರೆ ಭಾರತದ ರೋಸ್‌ವುಡ್. ದಕ್ಷಿಣ ಭಾರತದಿಂದ ಹೋದ ಮರ. ಅದೇ ಬೀಟೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಶಿರಸಿ, ಸಿದ್ದಾಪುರದ ಕಾಡಿನಲ್ಲೂ ನಿಂತಿದೆ. ಆದರೆ ಶಿರಸಿಯಲ್ಲೋ ಕಾರವಾರದಲ್ಲೋ ಕೂತು ಕೈಯಾರೆ ಒಂದು ಗಿಟಾರ್ ಮಾಡುತ್ತೇನೆ ಎಂದು ಹೊರಟವರಿಗೆ ಒಂದು ಜೋಡಿ ಬೀಟೆ ಹಲಗೆ ಸಿಗುವುದು ಬಹಳ ಕಷ್ಟ. ಸಿಕ್ಕರೂ ಅದರ ಜೊತೆ ಸರಿಯಾದ ಕಾಗದ ಇರುತ್ತದೆ ಎಂಬ ಖಾತ್ರಿ ಇಲ್ಲ.

ಕಾರವಾರದ ಕಡೆ ಗಿಟಾರ್ ಹೊಸದೇನಲ್ಲ. ಗೋವಾ ಪಕ್ಕದಲ್ಲೇ ಇದೆ, ಚರ್ಚಿನಲ್ಲಿ, ಮದುವೆ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಈಗ ಘಟ್ಟದ ಮೇಲಿನ ಹುಡುಗ ಹುಡುಗಿಯರೂ ಕಲಿಯುತ್ತಿದ್ದಾರೆ. ಮರದ ಕೆಲಸ ಗೊತ್ತಿದ್ದವರಿಗೆ ನಾವೇ ಯಾಕೆ ಮಾಡಬಾರದು ಎಂಬ ಆಸೆ ಹುಟ್ಟುವುದು ಸಹಜ. ಹಾಗೆ ಹುಟ್ಟಿದ ಆಸೆ ಮೊದಲ ದಿನವೇ ಬೀಟೆಯ ಹಿಂದೆ ಬೀಳುತ್ತದೆ. ನನ್ನ ಪ್ರಕಾರ ದಾರಿ ತಪ್ಪುವುದು ಅಲ್ಲೇ. ಇಲ್ಲಿ ಒಳ್ಳೆಯ ಗಿಟಾರ್ ಮಾಡಲು ಬೀಟೆ ಬೇಕೇ ಬೇಕು ಅಂತಿಲ್ಲ. ಮರದ ಜಾತಿಗಿಂತ ಅದನ್ನು ಹೇಗೆ ಸೀಳಿದ್ದಾರೆ, ಎಷ್ಟು ಒಣಗಿದೆ, ಎಲ್ಲಿಂದ ಬಂತು ಎಂಬ ಮೂರು ವಿಷಯಗಳೇ ದೊಡ್ಡವು.

ಬೀಟೆಗೆ ಈ ಪಟ್ಟ ಬಂದದ್ದು ಕೂಡ ಕೊರತೆಯಿಂದಲೇ. ಅದಕ್ಕೂ ಮೊದಲು ಅಮೆರಿಕದವರು ಬಳಸುತ್ತಿದ್ದದ್ದು ಬ್ರೆಜಿಲ್‌ನ ರೋಸ್‌ವುಡ್. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿತು. ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು, ಉಳಿದವರೂ ಅದೇ ದಾರಿ ಹಿಡಿದರು. ಅಲ್ಲಿಯವರೆಗೆ ಬದಲಿ ಮರವಾಗಿದ್ದದ್ದು ಕೆಲವೇ ವರ್ಷಗಳಲ್ಲಿ ಮಾದರಿ ಮರವಾಯಿತು. ಬ್ರೆಜಿಲ್‌ನ ಮರ 1992ರಲ್ಲಿ ಸೈಟಿಸ್ ಎಂಬ, ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಗೆ ಸೇರಿತು, ಅಂದರೆ ಅದರ ವ್ಯಾಪಾರ ಬಹುತೇಕ ಬಂದ್.

ನಮ್ಮ ಬೀಟೆಯ ಸರದಿ 2017ರ ಜನವರಿ 2ರಂದು ಬಂತು. ಆಗಲೇ ಮೊದಲ ಪಟ್ಟಿಯಲ್ಲಿದ್ದ ಬ್ರೆಜಿಲ್‌ನ ಮರವೊಂದನ್ನು ಬಿಟ್ಟು ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳನ್ನೂ ಸೈಟಿಸ್ ಎರಡನೇ ಪಟ್ಟಿಗೆ ಹಾಕಿದರು. ಚೀನಾದಲ್ಲಿ ರೋಸ್‌ವುಡ್ ಪೀಠೋಪಕರಣದ ಬೇಡಿಕೆ ಏರಿ ಜಗತ್ತಿನ ಮೂಲೆ ಮೂಲೆಯ ಕಾಡು ಖಾಲಿಯಾಗುತ್ತಿದ್ದದ್ದೇ ಇದಕ್ಕೆ ಮುಖ್ಯ ಕಾರಣ. ಆದರೆ ಪೆಟ್ಟು ವಾದ್ಯ ಮಾಡುವವರಿಗೂ ಬಿತ್ತು. ಈ ಮರಗಳನ್ನು ಬಳಸಿ ಮಾಡಿ ಮಾರಾಟಕ್ಕೆ ಗಡಿ ದಾಟುವ ಪ್ರತಿ ಗಿಟಾರ್‌ಗೂ ಪರವಾನಗಿ ಬೇಕಾಯಿತು. ಗಲಾಟೆ ಜಾಸ್ತಿಯಾದ ಮೇಲೆ 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ, ಅವುಗಳ ತಯಾರಾದ ಬಿಡಿಭಾಗಗಳಿಗೆ ವಿನಾಯಿತಿ ಸಿಕ್ಕಿತು. ಹಲಗೆ, ದಿಮ್ಮಿಗೆ ಇಲ್ಲ.

ನಮ್ಮ ದೇಶದ ರಫ್ತು ನಿಯಮ ಬೇರೆಯೇ ಇದೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಗಿಟಾರ್ ಮಾಡುವ ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಭಾರತದಿಂದ ಬಂದ ಬೀಟೆಯ, ಎಬೊನಿ ಎಂಬ ಕಪ್ಪು ಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ಫ್ರೆಟ್‌ಬೋರ್ಡ್‌ಗೆಂದು ಕೊಯ್ದ ಪಟ್ಟಿಗಳು ಅವು (ಗಿಟಾರ್‌ನ ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಗೆ ಹಾಗೆನ್ನುತ್ತಾರೆ). ತಗಾದೆ ಇದ್ದದ್ದು ದಪ್ಪದ ಮೇಲೆ. 6 ಮಿಲಿಮೀಟರ್‌ಗಿಂತ ದಪ್ಪಗಿದ್ದರೆ ಅದು ಕೊಯ್ದ ಮರ, ಭಾರತದಿಂದ ಹೊರಗೆ ಹೋಗುವಂತಿರಲಿಲ್ಲ. ತೆಳುವಾಗಿದ್ದರೆ ವಿನೀರ್ (ಮರದ ತೆಳು ಪದರ), ಹೋಗಬಹುದಿತ್ತು. ಬೇರೊಂದು ದೇಶದ ಕಾನೂನು ಮೀರಿ ಬಂದ ಮರ ಅಮೆರಿಕದ ಲೇಸಿ ಕಾಯ್ದೆಯ ಪ್ರಕಾರ ಅಲ್ಲೂ ಅಪರಾಧ. 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಆ ಒಪ್ಪಂದದಲ್ಲಿ ಮುಖ್ಯವಾಗಿದ್ದದ್ದು ಅದಕ್ಕೂ ಹಿಂದಿನ ಮಡಗಾಸ್ಕರ್ ಎಬೊನಿಯ ವಿಚಾರ. ಆದರೂ ಗಿಟಾರ್ ಮಾಡುವವರೆಲ್ಲ ಅವತ್ತು ಒಂದು ಪಾಠ ಕಲಿತರು. ಮರ ಚೆನ್ನಾಗಿದ್ದರೆ ಸಾಲದು, ಅದರ ಜಾತಕವೂ ಕೈಯಲ್ಲಿರಬೇಕು.

ಇಲ್ಲಿ, ನಮ್ಮೂರಲ್ಲಿ ಆ ಜಾತಕ ಹೇಗಿರುತ್ತದೆ? ಬೀಟೆ, ತೇಗ, ಗಂಧ ಇವು ಸರ್ಕಾರ ಬಿಗಿಯಾಗಿ ಕಾಯುವ ಮರಗಳು. ಅಡಿಕೆ ತೋಟದವರು ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಬೀಟೆ ಬೆಳೆದು ನಿಂತಿರಬಹುದು. ಸೊಪ್ಪು ಕಡಿಯುವ ಹಕ್ಕು ತೋಟದವರದ್ದು, ಮರ ಸರ್ಕಾರದ್ದು. ಮಾಲ್ಕಿ ಜಮೀನಿನಲ್ಲಿದ್ದರೂ ಮರ ಯಾರದ್ದು ಎಂಬುದು ಜಮೀನಿನ ದಾಖಲೆ, ಮಂಜೂರಾತಿಯ ಷರತ್ತು ನೋಡಿದ ಮೇಲೇ ತೀರ್ಮಾನ. ಗಾಳಿಗೆ ಬಿದ್ದ ಮರ ಅಲ್ವಾ, ಯಾರು ಕೇಳುತ್ತಾರೆ ಎಂದು ಕೊಯ್ಸಿಕೊಂಡರೆ ಕೇಸು ಬೀಳುತ್ತದೆ. ಕಾನೂನಿನ ದಾರಿ ಎಂದರೆ ಇಲಾಖೆಯ ನಾಟಾ ಡಿಪೋ. ದಾಂಡೇಲಿ, ಕಿರವತ್ತಿಯ ಡಿಪೋಗಳ ಹೆಸರು ತೇಗದ ವ್ಯಾಪಾರಿಗಳಿಗೆಲ್ಲ ಗೊತ್ತು. ಅಲ್ಲಿ ಮರ ಲಾಟಿನ ಲೆಕ್ಕದಲ್ಲಿ ಹರಾಜಾಗುತ್ತದೆ, ದಿಮ್ಮಿ ದಿಮ್ಮಿಯಾಗಿ. ದೊಡ್ಡ ವ್ಯಾಪಾರಿಗೆ ಅದು ಸರಿ. ಒಂದು ಗಿಟಾರ್‌ನ ಬೆನ್ನು ಪಕ್ಕಕ್ಕೆ ಕೊಯ್ತದ ನಷ್ಟ ಸೇರಿಸಿದರೂ ನನ್ನ ಲೆಕ್ಕದಲ್ಲಿ 0.005 ಘನ ಮೀಟರ್ ಮರ ಸಾಕು. ಅಷ್ಟು ಬೇಕಾದವರು ಇಡೀ ದಿಮ್ಮಿಯ ಹರಾಜಿಗೆ ಎಲ್ಲಿಂದ ಕೈ ಹಾಕಬೇಕು?

ಇಷ್ಟೆಲ್ಲ ಪಾಡು ಪಡುವಷ್ಟು ಬೀಟೆಯಲ್ಲಿ ಏನಿದೆ? ಒಳ್ಳೆಯ ಮರ, ಅನುಮಾನವೇ ಇಲ್ಲ. ಭಾರ ಇದೆ, ಗಟ್ಟಿ ಇದೆ, ಒಣಗಿದ ಮೇಲೆ ಅಲುಗಾಡುವುದು ಕಡಿಮೆ. ಬೆರಳಲ್ಲಿ ತಟ್ಟಿದರೆ ಹಲಗೆ ಗಾಜಿನ ಹಾಗೆ ಮೊಳಗುತ್ತದೆ. ಆದರೆ ಗಿಟಾರ್‌ನ ದನಿ ಹುಟ್ಟುವುದು ಬೆನ್ನಿನಲ್ಲಲ್ಲ, ತಂತಿಯ ಕೆಳಗಿರುವ ಮೇಲ್ಹಲಗೆಯಲ್ಲಿ. ಇದನ್ನು ಸ್ಪೇನ್‌ನ ಅಂಟೋನಿಯೊ ದೆ ಟೊರೆಸ್ 1862ರಲ್ಲೇ ತೋರಿಸಿಕೊಟ್ಟರು. ಸ್ಪ್ರೂಸ್ ಎಂಬ ಹಗುರ ಮರದ ಮೇಲ್ಹಲಗೆ ಇಟ್ಟು, ಬೆನ್ನು ಪಕ್ಕಗಳನ್ನು ಕಾಗದದ ರಟ್ಟಿನಲ್ಲಿ ಮಾಡಿದ ಗಿಟಾರ್ ಅದು. ಇವತ್ತಿನ ಗಿಟಾರ್‌ನ ರೂಪ ಬಹುಮಟ್ಟಿಗೆ ಅವರು ಕೊಟ್ಟದ್ದೇ. ಅಂಥವರೇ ರಟ್ಟಿನ ಬೆನ್ನು ಇಟ್ಟು ಮಾಡಿ ತೋರಿಸಿದ್ದಾರೆ.

ಇತ್ತೀಚಿನ ಪರೀಕ್ಷೆಯೊಂದೂ ಇದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ್ದು. ಬೆನ್ನು ಪಕ್ಕದ ಮರ ಮಾತ್ರ ಬೇರೆ ಬೇರೆ, ಉಳಿದದ್ದೆಲ್ಲ ಒಂದೇ ಥರ ಇರುವ ಆರು ಗಿಟಾರ್ ಮಾಡಿಸಿದರು. ಬ್ರೆಜಿಲ್‌ನ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಮರ ಯಾವುದೆಂದು ಕಾಣದ ಹಾಗೆ 52 ಗಿಟಾರ್ ವಾದಕರಿಗೆ ನುಡಿಸಲು ಕೊಟ್ಟರು. ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ದುಬಾರಿ ಮರ ಗೆಲ್ಲಲಿಲ್ಲ, ಅಗ್ಗದ್ದು ಸೋಲಲೂ ಇಲ್ಲ. ಬೆನ್ನಿನ ಮರಕ್ಕೆ ಏನೂ ಬೆಲೆ ಇಲ್ಲ ಎಂದು ಇದರಿಂದ ನಾನು ಹೇಳುವುದಿಲ್ಲ. ಬಾಳಿಕೆ, ಚೆಂದ, ಬಾಗಿಸಲು ಸುಲಭವೋ ಅಲ್ಲವೋ, ಇವೆಲ್ಲ ಇವೆ. ಆದರೆ ಬೀಟೆ ಸಿಗಲಿಲ್ಲ ಎಂದು ಕೆಲಸ ನಿಲ್ಲಿಸುವುದಕ್ಕೆ ಕಾರಣವೇ ಇಲ್ಲ.

ಮೇಲ್ಹಲಗೆಯ ವಿಷಯದಲ್ಲಿ ಮಾತ್ರ ನಾವು ಹೊರಗಿನದನ್ನೇ ನಂಬಬೇಕು. ಅದಕ್ಕೆ ಬೇಕಾದದ್ದು ಬಹಳ ಹಗುರ, ಆದರೆ ಎಳೆಯ ಉದ್ದಕ್ಕೆ ಬಹಳ ಬಿಗಿ ಇರುವ ಮರ. ಸಿಟ್ಕಾ ಸ್ಪ್ರೂಸ್ ಒಂದು ಘನ ಮೀಟರಿಗೆ 400ರಿಂದ 450 ಕಿಲೋ ತೂಗುತ್ತದೆ, ಬೀಟೆ ಹೆಚ್ಚುಕಡಿಮೆ ಅದರ ಎರಡರಷ್ಟು. ಸುಮಾರು 3 ಮಿಲಿಮೀಟರ್‌ಗೆ ಹೆರೆದ ಸ್ಪ್ರೂಸ್ ಹಲಗೆ ತಂತಿಗಳ ಎಳೆತವನ್ನು ತಡೆದುಕೊಳ್ಳುತ್ತದೆ, ಸಣ್ಣ ಮೀಟಿಗೂ ನಡುಗುತ್ತದೆ. ನಮ್ಮ ಮಳೆಕಾಡಿನ ಮರಗಳಲ್ಲಿ ಹಗುರ ಇದ್ದದ್ದು ಮೆತ್ತಗೆ, ಬಿಗಿ ಇದ್ದದ್ದು ಭಾರ. ಹಿಮಾಲಯದಲ್ಲಿ ಸ್ಪ್ರೂಸ್ ಬೆಳೆಯುತ್ತದೆ, ಆದರೆ ಗಿಟಾರ್‌ಗೆ ಬೇಕಾದ ಹಾಗೆ ಕೊಯ್ದು ಮಾರುವ ವ್ಯವಸ್ಥೆ ಬೆಳೆದಿಲ್ಲ. ಹಾಗಾಗಿ ಸ್ಪ್ರೂಸ್ ಅಥವಾ ಸೀಡರ್ ಜೋಡಿ ಹಲಗೆಯನ್ನು ಹೊರದೇಶದಿಂದ ತರಿಸುವುದೇ ಸದ್ಯದ ದಾರಿ. ದುಡ್ಡು ಇದಕ್ಕೇ ಮೀಸಲಿಡಿ ಎನ್ನುವುದು ನನ್ನ ಸಲಹೆ. ಒಂದು ಎಚ್ಚರ: ಮೂರು ಎ, ನಾಲ್ಕು ಎ ಎಂದು ಹಾಕುವ ದರ್ಜೆ ಬಹುತೇಕ ಅಂದಕ್ಕೆ ಕೊಟ್ಟದ್ದು, ದನಿಗಲ್ಲ. ಎಳೆ ನೇರ ಇದ್ದು ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಇರುವ ಕೆಳದರ್ಜೆಯ ಹಲಗೆ ಎಷ್ಟೋ ಸಲ ಚೆನ್ನಾಗಿಯೇ ನುಡಿಯುತ್ತದೆ.

ಬೆನ್ನು ಪಕ್ಕಕ್ಕೆ ಬಂದರೆ ನಮ್ಮ ಜಿಲ್ಲೆ ಶ್ರೀಮಂತ. ನಾನು ಮೊದಲು ಹೆಸರಿಸುವುದು ಹಲಸು. ತಂಜಾವೂರಿನ ವೀಣೆ ಹಲಸಿನದ್ದು. ಚೆಂಡೆ, ಮದ್ದಳೆಗೂ ಹಲಸು ಬಳಸುತ್ತಾರೆ. ವಾದ್ಯದ ಮರ ಎಂದು ನಮ್ಮ ಹಿರಿಯರು ಒಪ್ಪಿದ ಮರ ಅದು, ಗಿಟಾರ್‌ಗೆ ಮಾತ್ರ ಆಗದು ಎನ್ನಲು ಆಧಾರ ಏನಿದೆ? ಎಳೆ ಕೆಲವೊಮ್ಮೆ ಒಂದಕ್ಕೊಂದು ಅಡ್ಡ ಹೆಣೆದುಕೊಂಡಿರುತ್ತದೆ, ಪಕ್ಕ ಬಾಗಿಸುವಾಗ ಅಂಥ ಕಡೆ ಸೀಳುವ ಭಯ ಇದೆ. ಹಾಗಾಗಿ ಆರಿಸಬೇಕು. ಹೆಬ್ಬಲಸು ಅದರ ಅಣ್ಣ, ಕರಾವಳಿಯಲ್ಲಿ ದೋಣಿ ಕಟ್ಟುವವರು ನಂಬಿದ ಮರ. ತೇಗ ಅಲುಗಾಡುವುದು ಬಹಳ ಕಡಿಮೆ, ಈ ಮಳೆಯ ಊರಿಗೆ ಅದು ದೊಡ್ಡ ಗುಣ. ಎಣ್ಣೆ ಅಂಶ ಇರುವುದರಿಂದ ಅಂಟು ಹಾಕುವ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು, ಮರದೊಳಗಿನ ಮರಳಿನಂಥ ಅಂಶಕ್ಕೆ ಉಳಿ ಬೇಗ ಮೊಂಡಾಗುತ್ತದೆ. ಶಿವನೆ ಹಗುರ, ಒಣಗುವಾಗ ತಿರುಚಿಕೊಳ್ಳುವುದಿಲ್ಲ. ಗಿಟಾರ್‌ನ ಕತ್ತಿಗೆ (ನೆಕ್) ಅದನ್ನು ಯೋಚಿಸಬಹುದು. ರೈತರು ತೋಟದ ಅಂಚಿನಲ್ಲಿ ನೆಟ್ಟ ಮಹಾಗನಿಯೂ ಕತ್ತಿಗೆ ಆಗುತ್ತದೆ. ಸಿಲ್ವರ್ ಓಕ್ ಕಡಿಯಲು ಇಲಾಖೆಯ ಅನುಮತಿಯ ತಲೆಬಿಸಿ ಇಲ್ಲ, ಆಸ್ಟ್ರೇಲಿಯಾದಲ್ಲಿ ಅದರಲ್ಲೂ ಗಿಟಾರ್ ಮಾಡುತ್ತಾರೆ. ಉಳಿದ ಜಾತಿಗಳಿಗೆ ಅನುಮತಿ ಬೇಕೋ ಬೇಡವೋ ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಬೀಟೆ ಎಲ್ಲಿ ಬೇಕು ಅಂದರೆ ಫ್ರೆಟ್‌ಬೋರ್ಡ್‌ಗೆ, ತಂತಿಗಳ ಬುಡ ಕೂರುವ ಬ್ರಿಡ್ಜ್‌ಗೆ. ಅಲ್ಲಿ ನಿಜಕ್ಕೂ ಗಟ್ಟಿ ಮರ ಬೇಕು. ಅರ್ಧ ಮೀಟರ್ ಉದ್ದ, ಬೆರಳುದ್ದ ಅಗಲ ಇದ್ದರೆ ಫ್ರೆಟ್‌ಬೋರ್ಡ್ ಆಯಿತು. ಮುರಿದ ಹಳೆ ಮಂಚದ ಪಟ್ಟಿಯಲ್ಲಿ ಅಷ್ಟು ಸಿಗುತ್ತದೆ. ಕೊಯ್ಯುವಾಗ, ಉಜ್ಜುವಾಗ ಮಾಸ್ಕ್ ಮರೆಯಬೇಡಿ. ಬೀಟೆಯ ಪುಡಿ ಕೆಲವರಿಗೆ ಚರ್ಮದ ಮೇಲೂ ಉಸಿರಿನ ಮೇಲೂ ಅಲರ್ಜಿ ತರುತ್ತದೆ.

ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಮರದ ಗಣಿ ಕಾಡಿನಲ್ಲಿಲ್ಲ, ಬಿಚ್ಚುತ್ತಿರುವ ಹಳೆ ಮನೆಗಳಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಅಜ್ಜನ ಕಾಲದ ಮನೆ ಬಿಚ್ಚಿ ಆರ್‌ಸಿಸಿ ಮನೆ ಕಟ್ಟುವುದು ನಡೆದೇ ಇದೆ. ಕಂಬ, ತೊಲೆ, ಅಟ್ಟದ ಹಲಗೆ, ಬಾಗಿಲು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಕೆಲವು ಪೀಠೋಪಕರಣದವರ ಪಾಲು, ಕೆಲವು ಅಡಿಕೆ ಬೇಯಿಸುವ ಒಲೆಯ ಪಾಲು. ಐವತ್ತು, ಎಂಬತ್ತು ವರ್ಷ ಸೂರಿನ ಕೆಳಗೆ, ಹೊಗೆಯಲ್ಲಿ ಇದ್ದ ಮರ. ಅಲುಗಾಡುವುದೆಲ್ಲ ಅಲುಗಾಡಿ ಮುಗಿದಿದೆ.

ಅಂಥ ಅಟ್ಟದ ಹಲಸಿನ ಹಲಗೆಯೊಂದನ್ನು ಹೇಗೆ ನೋಡಬೇಕು ಹೇಳುತ್ತೇನೆ. ಮೇಲೆ ಮಸಿ ಹಿಡಿದು ಕಪ್ಪಗಿರುತ್ತದೆ, ಜಾತಿಯೇ ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಕೀಸುಳಿಯ ಎರಡು ಎಳೆತ ಎಳೆದರೆ ತಂಬಾಕಿನ ಕಂದು, ಅದರ ಕೆಳಗೆ ಅರಿಶಿನದ ಹಳದಿ. ಆಮೇಲೆ ಹಲಗೆಯ ತುದಿ ನೋಡಿ. ಮರದ ಬಳೆಗಳ ಗೆರೆ ನೆಟ್ಟಗೆ ನಿಂತಿದ್ದರೆ ಅದು ಗಿಟಾರ್‌ಗೆ ಬೇಕಾದ ಸೀಳು. ಗೆರೆ ಮಲಗಿದ್ದರೆ ಆ ಹಲಗೆ ಮಳೆಗಾಲದಲ್ಲಿ ಅಗಲವಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ದೋಣಿಯಾಗುತ್ತದೆ. ಕಪ್ಪು ಕಲೆ ಇದ್ದಲ್ಲಿ ಮೊಳೆ ಇತ್ತು ಅಥವಾ ಇನ್ನೂ ಇದೆ. ಸಣ್ಣ ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ ಜೀವಂತ ಇದೆ, ಅದನ್ನು ಮನೆಗೆ ತರಬೇಡಿ. ಕೊನೆಗೆ ಹಲಗೆಯನ್ನು ಉದ್ದದ ಕಾಲು ಭಾಗದ ಹತ್ತಿರ ಎರಡು ಬೆರಳಲ್ಲಿ ಇಳಿಬಿಟ್ಟು ನಡುವೆ ತಟ್ಟಬೇಕು. ದನಿ ಉಳಿದು ಹೋಗುತ್ತದೋ, ಟಪ್ ಎಂದು ಸಾಯುತ್ತದೋ ಕಿವಿಗೆ ಗೊತ್ತಾಗುತ್ತದೆ. ಸತ್ತರೆ ಒಳಗೆಲ್ಲೋ ಬಿರುಕು ಇರಬಹುದು, ಇಲ್ಲವೇ ನೀರು ಕುಡಿದಿರಬಹುದು.

ಸಾಮಿಲ್ಲಿನವರು ಹಳೆ ಮರ ಕಂಡರೆ ಹಿಂದೆ ಸರಿಯುವುದೂ ಮೊಳೆಯ ಭಯಕ್ಕೇ. "ತಮ್ಮಾ, ಇದ್ರೊಳಗೆ ಒಂದು ಮೊಳೆ ಸಿಕ್ಕರೂ ನನ್ನ ಬ್ಲೇಡ್ ಹೋಯ್ತು" ಎನ್ನುವುದು ಎಲ್ಲ ಕಡೆ ಕೇಳುವ ಮಾತು, ತಪ್ಪೂ ಅಲ್ಲ. ಸಣ್ಣದೊಂದು ಮೆಟಲ್ ಡಿಟೆಕ್ಟರ್ ಆಡಿಸಿ, ಮೊಳೆ ಕಿತ್ತು, ಕಿತ್ತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಹೋದರೆ ಒಪ್ಪುತ್ತಾರೆ.

ಅಗಲದ ಚಿಂತೆ ಇದ್ದೇ ಇದೆ. ಗಿಟಾರ್‌ನ ಬೆನ್ನಿಗೆ ಎರಡು ತುಂಡು ಜೋಡಿಸುವುದಾದರೆ ಒಂದೊಂದೂ 20 ಸೆಂಟಿಮೀಟರ್‌ಗಿಂತ ಅಗಲ ಬೇಕು. ನೆಟ್ಟಗಿನ ಸೀಳಿನಲ್ಲಿ ಅಷ್ಟು ಅಗಲದ ಚೇಗು (ಮರದ ನಡುವಿನ ಗಟ್ಟಿ ಭಾಗ) ಸಿಗಲು ಅರ್ಧ ಮೀಟರ್‌ಗಿಂತ ದಪ್ಪದ ದಿಮ್ಮಿ ಬೇಕು. ಹಳೆ ತೊಲೆಯಲ್ಲಿ ಅದು ಅಪರೂಪ. ಮೂರು ಅಥವಾ ನಾಲ್ಕು ತುಂಡಿನ ಬೆನ್ನು ಮಾಡಿದರೆ ಸಮಸ್ಯೆ ಅಲ್ಲಿಗೇ ಮುಗಿಯಿತು. ನೋಡಲೂ ಚೆಂದ, ಬಿಗಿಯೂ ಕಡಿಮೆಯಾಗುವುದಿಲ್ಲ. ಅಗಲದ ಮರ ಬೇಕೇ ಬೇಕು ಎಂಬ ಹಟವೇ ದೊಡ್ಡ ಮರಗಳ ಮೇಲೆ ಕೊಡಲಿ ಬೀಳಿಸುತ್ತದೆ.

ಇನ್ನು ಮಳೆ. ಇಲ್ಲಿಯ ಗಿಟಾರ್ ಮಾಡುವವರಿಗೆ ಬೀಟೆಯ ಕೊರತೆಗಿಂತ ಇದು ದೊಡ್ಡ ಸವಾಲು. ಜಗತ್ತಿನ ಹೆಚ್ಚಿನ ಕಾರ್ಖಾನೆಗಳಲ್ಲಿ ಗಾಳಿಯ ತೇವವನ್ನು ಶೇ 45ರ ಆಸುಪಾಸು ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಆಗ ಮರದೊಳಗಿನ ನೀರು ಶೇ 8–9. ಕಾರವಾರದ ಜುಲೈನಲ್ಲಿ ಗಾಳಿಯ ತೇವ ಶೇ 85 ದಾಟಿರುತ್ತದೆ, ಮರ ಶೇ 18ರವರೆಗೂ ನೀರು ಹಿಡಿದುಕೊಳ್ಳುತ್ತದೆ. ಅಂಥ ದಿನಗಳಲ್ಲಿ ಮೇಲ್ಹಲಗೆಗೆ ಒಳಗಿನ ಅಡ್ಡಪಟ್ಟಿ ಅಂಟಿಸಿದಿರಿ ಎಂದಿಟ್ಟುಕೊಳ್ಳಿ. ಗಿಟಾರ್ ಕೊಂಡವರು ಹುಬ್ಬಳ್ಳಿಯವರು. ಮಾರ್ಚ್ ಬಂತು, ಬಯಲುಸೀಮೆಯ ಒಣಗಾಳಿ ಬೀಸಿತು. ಮರದ ನೀರು ಶೇ 14ರಿಂದ 8ಕ್ಕೆ ಇಳಿದರೂ ಸಾಕು, 40 ಸೆಂಟಿಮೀಟರ್ ಅಗಲದ ಸ್ಪ್ರೂಸ್ ಹಲಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಕುಗ್ಗಲು ನೋಡುತ್ತದೆ. ಅಡ್ಡಪಟ್ಟಿ ಬಿಡುವುದಿಲ್ಲ. ಹಲಗೆ ಸೀಳುತ್ತದೆ. ಮರ ಕೆಟ್ಟದ್ದು ಎಂದು ಎಲ್ಲರೂ ಬೈಯುತ್ತಾರೆ, ಬೈಗುಳ ಹೋಗಬೇಕಾದದ್ದು ಅಂಟಿಸಿದ ದಿನಕ್ಕೆ.

ಪರಿಹಾರ ದೊಡ್ಡ ಯಂತ್ರವೇ ಆಗಬೇಕಿಲ್ಲ. ಸಣ್ಣ ಕೋಣೆಯೊಂದನ್ನು ಗಾಳಿಯಾಡದಂತೆ ಮುಚ್ಚಿ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್, ಒಂದು ನಂಬಿಕೆಯ ತೇವಮಾಪಕ ಇಟ್ಟರೆ ವರ್ಷಪೂರ್ತಿ ಕೆಲಸ ಆಗುತ್ತದೆ. ಅಷ್ಟೂ ಆಗದಿದ್ದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಒಣಹವೆಯ ಮಧ್ಯಾಹ್ನಗಳಲ್ಲಿ ಮಾತ್ರ ಅಂಟಿನ ಕೆಲಸ ಇಟ್ಟುಕೊಳ್ಳಬೇಕು. ಕತ್ತು ಕೆತ್ತುವುದು, ಉಜ್ಜುವುದನ್ನು ಮಳೆಗಾಲಕ್ಕೆ ಬಿಡಬಹುದು. ಹಸಿ ಮರ ತಂದವರು ದಪ್ಪ ಹಲಗೆಯಾಗಿಯೇ ಇಟ್ಟುಕೊಂಡು ವರ್ಷಗಟ್ಟಲೆ ಕಾಯುವುದಕ್ಕಿಂತ 5 ಮಿಲಿಮೀಟರ್‌ಗೆ ಕೊಯ್ಸಿ, ತುದಿಗೆ ಬಣ್ಣ ಬಳಿದು, ನಡುನಡುವೆ ಕಡ್ಡಿ ಇಟ್ಟು ಪೇರಿಸಿದರೆ ಬೇಗ ಒಣಗುತ್ತದೆ. ಒಲೆಯ ಮೇಲಿನ ಅಟ್ಟ ಇದ್ದವರು ಪುಣ್ಯವಂತರು. ಅಡಿಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಸೂರಿನ ಮನೆಗಳು ಕೊಯ್ಲು ಮುಗಿದ ಮೇಲೆ ಖಾಲಿ ಇರುತ್ತವೆ. ನೆರಳು ಮಾಡಿಕೊಂಡು, ನಿಧಾನಕ್ಕೆ ಒಣಗಿಸಿದರೆ ಮರಕ್ಕೂ ಆಗುತ್ತದೆ. ಅವಸರ ಮಾಡಿದರೆ ಮಾತ್ರ ಸೀಳುತ್ತದೆ.

ಹಳೆ ಮನೆಯ ಮರ ತರುವಾಗ ಕಾಗದದ ವಿಷಯ ಸುಮ್ನೆ ಬಿಡಬೇಡಿ. ಮನೆಯವರಿಂದ ಒಂದು ಬರಹ, ಮನೆ ಬಿಚ್ಚುವ ಮೊದಲಿನ ಫೋಟೊ, ಮರದ ಜಾತಿ ಮತ್ತು ಅಳತೆ, ಕೊಟ್ಟ ಹಣದ ರಸೀದಿ. ಬೀಟೆ, ತೇಗ ಇದ್ದರೆ ಸಾಗಿಸುವ ಮೊದಲು ಅರಣ್ಯ ಕಚೇರಿಗೆ ಹೋಗಿ ಬರುವುದು ಕ್ಷೇಮ. ಜಾತಿಯ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಗುರುತು ಹಿಡಿದು ಹೇಳುತ್ತಾರೆ.

ಇಲಾಖೆಯಿಂದ ಆಗಬೇಕಾದ ಕೆಲಸವೂ ಇದೆ. ಡಿಪೋದಲ್ಲಿ ಗಾಳಿಗೆ ಬಿದ್ದ, ಒಣಗಿದ ಮರಗಳ ಒಂದು ಸಣ್ಣ ಪಾಲನ್ನು ದಿಮ್ಮಿಯಾಗಿ ಹರಾಜು ಹಾಕುವ ಬದಲು ನೆಟ್ಟಗಿನ ಸೀಳಿನ ಹಲಗೆಗಳಾಗಿ ಕೊಯ್ದು, ಮೂಲದ ಚೀಟಿ ಸಮೇತ ವಾದ್ಯ ಮಾಡುವವರಿಗೆ, ಶಿರಸಿ, ಕುಮಟಾ, ಹೊನ್ನಾವರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರಿಗೆ ಮಾರಬಹುದು. ಹೊಸ ಮರ ಒಂದೂ ಕಡಿಯಬೇಕಿಲ್ಲ. ಗುಡಿಗಾರರ ಕೈಯಲ್ಲಿ ತಲೆಮಾರುಗಳ ಕೆತ್ತನೆ ಇದೆ. ಗಂಧ ಸಿಗುವುದೇ ಕಷ್ಟವಾದ ಈ ಕಾಲದಲ್ಲಿ ಅವರ ಮಕ್ಕಳಿಗೆ ವಾದ್ಯದ ಕೆಲಸ ಹೊಸ ದಾರಿಯಾದೀತು. ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ. ಹಲಸು, ಹೆಬ್ಬಲಸು, ಶಿವನೆ, ಹೊನ್ನೆ, ಮತ್ತಿ ಇವುಗಳ ತೂಕ, ಬಿಗಿ, ತಟ್ಟಿದಾಗಿನ ದನಿ ಇಷ್ಟನ್ನು ವಾದ್ಯದವರ ದೃಷ್ಟಿಯಿಂದ ಅಳೆದು ಒಂದು ಪಟ್ಟಿ ಮಾಡಿ ಕನ್ನಡದಲ್ಲಿ ಪ್ರಕಟಿಸುವುದು ಅಲ್ಲಿಯ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಆ ಪಟ್ಟಿ ಕೈಗೆ ಬಂದರೆ ಗಿಟಾರ್ ಕೊಳ್ಳಲು ಬಂದವರು "ಬೀಟೆ ಇಲ್ವಾ?" ಎಂದು ಕೇಳಿದಾಗ ಮಾಡುವವರ ಹತ್ತಿರ ಅಂಕಿಅಂಶದ ಉತ್ತರ ಇರುತ್ತದೆ.